ಕೆಮ್ಮಣ್ಣಿನಿಂದ ಇಂಗಳೀಕದವರೆಗೆ: ಕರ್ನಾಟಕದ ಜನಪದ ಕಲೆಗಳ ವರ್ಣದ್ರವ್ಯಗಳು

ಕರ್ನಾಟಕದ ಜನಪದ ದೃಶ್ಯಕಲೆಗಳ ಕುರಿತು ಕಳೆದ ಕೆಲವು ದಶಕಗಳಲ್ಲಿ ನಡೆದಿರುವ ಅಧ್ಯಯನಗಳಲ್ಲಿ ವಿನ್ಯಾಸ, ಸಂಕೇತ, ಆಚರಣೆಯ ಸಂದರ್ಭ ಮತ್ತು ಅವುಗಳೊಡನೆ ಬೆಸೆದುಕೊಂಡ ಹಾಡುಗಳ ಬಗ್ಗೆ ಸಾಕಷ್ಟು ವಿವರಗಳು ದೊರೆಯುತ್ತವೆ. ಬಣ್ಣದ ವಿಷಯಕ್ಕೆ ಬಂದಾಗ ಮಾತ್ರ ಈ ಬರೆಹಗಳು ಬಹುಮಟ್ಟಿಗೆ ಒಂದೆರಡು ವಾಕ್ಯಗಳಲ್ಲಿ ಮುಗಿದುಬಿಡುತ್ತವೆ. ಕಲಾವಿದರು ಸ್ಥಳೀಯವಾಗಿ ಸಿಗುವ ನೈಸರ್ಗಿಕ ಬಣ್ಣಗಳನ್ನು ಬಳಸುತ್ತಾರೆ ಎಂಬ ಮಾತು ಒಂದು ವರದಿಯಿಂದ ಇನ್ನೊಂದು ವರದಿಗೆ ಬದಲಾವಣೆಯಿಲ್ಲದೆ ಸಾಗಿ ಬಂದಿದೆ. ಆ ಕೆಂಪು ಯಾವ ಮಣ್ಣಿನದು, ಅದನ್ನು ಹೇಗೆ ಹದಗೊಳಿಸಿದರು, ಯಾವ ಅಂಟಿನಲ್ಲಿ ಕಲಸಿದರು, ಆ ಹಳದಿ ಕಲ್ಲಿನದೋ ಮರದ ಹಾಲಿನದೋ ಎಂಬ ಪ್ರಶ್ನೆಗಳು ಕೇಳದೆಯೇ ಉಳಿದಿವೆ. ಬಣ್ಣವನ್ನು ಅರೆಯುತ್ತಿದ್ದ ಕೈಗಳು ಪೇಟೆಯ ಡಬ್ಬಿಗೆ ಒಗ್ಗಿಕೊಂಡ ಮೇಲೆ ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವರು ಕಡಿಮೆಯಾಗುತ್ತಿದ್ದಾರೆ. ವರ್ಣದ್ರವ್ಯಗಳ ವಿಧಗಳನ್ನೂ ಗುಣಗಳನ್ನೂ ನಮ್ಮ ನಾಡಿನ ಕೆಲವು ಕಲೆಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಳಿಯುವ ಬಣ್ಣವೆಂಬುದು ಒಂದೇ ವಸ್ತುವಲ್ಲ. ಅದರಲ್ಲಿ ಬಣ್ಣ ಕೊಡುವ ನುಣುಪಾದ ಪುಡಿಯಿರುತ್ತದೆ. ಆ ಪುಡಿಯ ಕಣಗಳನ್ನು ಒಂದಕ್ಕೊಂದು ಮತ್ತು ಮೇಲ್ಮೈಗೆ ಹಿಡಿದಿಡುವ ಅಂಟು ಇರುತ್ತದೆ. ಎರಡನ್ನೂ ಹರಿಯುವಂತೆ ಮಾಡುವ ನೀರು ಇಲ್ಲವೆ ಎಣ್ಣೆ ಇರುತ್ತದೆ. ಇವುಗಳಲ್ಲಿ ಮೊದಲನೆಯದೇ ವರ್ಣದ್ರವ್ಯ. ಅದು ತಾನು ಸೇರಿದ ದ್ರವದಲ್ಲಿ ಕರಗುವುದಿಲ್ಲ, ಕದಡಿ ನಿಲ್ಲುತ್ತದೆ. ಬಟ್ಟೆಗೆ ಹಾಕುವ ಬಣ್ಣಗಳು ಹಾಗಲ್ಲ. ಅವು ದ್ರವದಲ್ಲಿ ಕರಗಿ ನೂಲಿನ ಒಳಗೆ ಇಳಿಯುತ್ತವೆ. ಇವನ್ನು ರಂಜಕಗಳೆಂದು ಬೇರೆಯಾಗಿ ಕರೆಯುವುದು ಉಚಿತ. ಈ ಭೇದವನ್ನು ತೊಗಲುಗೊಂಬೆಯಾಟದಷ್ಟು ಸ್ಪಷ್ಟವಾಗಿ ತೋರಿಸುವ ಕಲೆ ಮತ್ತೊಂದಿಲ್ಲ. ಕಿಳ್ಳೇಕ್ಯಾತ, ಶಿಳ್ಳೇಕ್ಯಾತ ಮೊದಲಾದ ಹೆಸರುಗಳಿಂದ ಗುರುತಿಸಲ್ಪಡುವ ಕಲಾವಿದರು ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಅದಕ್ಕೆ ಬಣ್ಣ ಹಾಕಿ, ಹಿಂದಿನಿಂದ ದೀಪದ ಬೆಳಕು ಬೀಳುವಂತೆ ಪರದೆಗೆ ಒತ್ತಿ ಹಿಡಿಯುತ್ತಾರೆ. ಅಲ್ಲಿ ಕೆಮ್ಮಣ್ಣನ್ನೋ ಸುಣ್ಣವನ್ನೋ ಬಳಿದರೆ ಅದು ಬೆಳಕನ್ನು ತಡೆದು ಪರದೆಯ ಮೇಲೆ ಬರಿಯ ಕಪ್ಪು ನೆರಳಾಗಿ ಕಾಣುತ್ತದೆ. ಆದ್ದರಿಂದ ಚರ್ಮದೊಳಕ್ಕೆ ಇಳಿದು ಬೆಳಕನ್ನು ಬಣ್ಣಗೊಳಿಸಿ ಹೊರಬಿಡುವ ರಂಜಕಗಳೇ ಅಲ್ಲಿ ಬೇಕು. ಗೋಡೆಯ ಚಿತ್ರಕ್ಕೆ ಬೇಕಾದುದು ಇದಕ್ಕೆ ವಿರುದ್ಧವಾದ ಗುಣ: ಹಿಂದಿನದನ್ನು ಮುಚ್ಚುವ ಶಕ್ತಿ.

ಅಂಟಿನ ಆಯ್ಕೆಯೂ ಹೀಗೆಯೇ ಆಯಾ ಕಲೆಯ ಅಗತ್ಯದಿಂದ ಹುಟ್ಟಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು 12ನೆಯ ಶತಮಾನದಲ್ಲಿಯೇ ಎಮ್ಮೆಯ ಚರ್ಮವನ್ನು ಕುದಿಸಿ ಮಾಡುವ ವಜ್ರಲೇಪವೆಂಬ ಅಂಟನ್ನು ವಿವರಿಸುತ್ತದೆ. ಕಿನ್ನಾಳದ ಚಿತ್ರಗಾರರಿಗೆ ಹುಣಸೆಬೀಜದ ಸರಿ ಪರಿಚಿತ. ಚನ್ನಪಟ್ಟಣದ ಬೊಂಬೆಗಳಲ್ಲಿ ನೀರೂ ಇಲ್ಲ, ಎಣ್ಣೆಯೂ ಇಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಹಾಲೆಮರದ ತುಂಡಿಗೆ ಒತ್ತಿದಾಗ ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ತಾಳೆಗರಿಯಿಂದ ತೀಡಿದಾಗ ಹೊಳಪು ಬರುತ್ತದೆ.

ಕೆಂಪು ಮಣ್ಣು

ವರ್ಣದ್ರವ್ಯಗಳ ಪೈಕಿ ಅತ್ಯಂತ ಹಳೆಯದೂ ಅತ್ಯಂತ ನಂಬಿಕಸ್ಥವೂ ಆದುದು ಕೆಮ್ಮಣ್ಣು. ಜಾಜು, ಕಾವಿಕಲ್ಲು, ಸಂಸ್ಕೃತದಲ್ಲಿ ಗೈರಿಕ ಎಂದು ಕರೆಯುವುದೂ ಇದೇ ಬಗೆಯ ದ್ರವ್ಯವನ್ನು. ಇದರ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡು. ಬಳ್ಳಾರಿ, ಸಂಡೂರು, ಹೊಸಪೇಟೆಗಳ ಬೆಟ್ಟಗಳಲ್ಲಿ ಅದಿರಾಗಿ ಗಟ್ಟಿಗೊಂಡಿರುವುದೂ ಮಲೆನಾಡು ಕರಾವಳಿಗಳ ಜಂಬಿಟ್ಟಿಗೆಗೆ ಬಣ್ಣ ಕೊಟ್ಟಿರುವುದೂ ಕಬ್ಬಿಣದ ಆಕ್ಸೈಡುಗಳೇ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದ ಕಲ್ಲಾಸರೆಗಳಲ್ಲಿ ಪ್ರಾಚೀನ ಮಾನವ ಬರೆದ ಪ್ರಾಣಿಗಳೂ ಮನುಷ್ಯರೂ ಇಂದಿಗೂ ಕಾಣುವುದು ಈ ಕೆಂಪಿನಲ್ಲಿಯೇ. ಇದರಿಂದ ಆ ಜನರಿಗೆ ಬೇರೆ ಬಣ್ಣಗಳು ಗೊತ್ತಿರಲಿಲ್ಲ ಎಂಬ ತೀರ್ಮಾನಕ್ಕೆ ಬರುವುದು ಅವಸರವಾದೀತು. ಸಸ್ಯಗಳಿಂದ ತೆಗೆದ ಬಣ್ಣಗಳನ್ನು ಅವರು ಬಳಸಿದ್ದರೂ ಅವು ಬಿಸಿಲು ಮಳೆಗಳಿಗೆ ಉಳಿಯುವಂಥವಲ್ಲ. ಉಳಿದುಬಂದಿರುವುದು ಉಳಿಯಬಲ್ಲದ್ದು ಮಾತ್ರ.

ಕಬ್ಬಿಣದ ಆಕ್ಸೈಡು ಈಗಾಗಲೇ ಆಮ್ಲಜನಕದೊಡನೆ ಪೂರ್ತಿಯಾಗಿ ಕೂಡಿಕೊಂಡಿರುವ ವಸ್ತು. ಗಾಳಿ ಅದನ್ನು ಮತ್ತಷ್ಟು ಬದಲಿಸಲಾರದು, ಬೆಳಕು ಅದನ್ನು ಒಡೆಯಲಾರದು, ಸುಣ್ಣದ ಖಾರ ಅದನ್ನು ತಿನ್ನಲಾರದು. ಹಳದಿ ಮಣ್ಣು ಇದರ ಹತ್ತಿರದ ಬಂಧು. ಅದರಲ್ಲಿರುವ ಕಬ್ಬಿಣದ ಸಂಯುಕ್ತವು ನೀರಿನ ಅಂಶವನ್ನು ಒಳಗಿಟ್ಟುಕೊಂಡಿರುತ್ತದೆ. ಹಳದಿ ಮಣ್ಣಿನ ಉಂಡೆಯನ್ನು ಬೆಂಕಿಯಲ್ಲಿಟ್ಟು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಆ ನೀರು ಹೊರಟುಹೋಗಿ ಮಣ್ಣು ಕೆಂಪಾಗುತ್ತದೆ. ಸಾಮಾನ್ಯ ಒಲೆಯ ಕಾವು ಇದಕ್ಕೆ ಸಾಕು. ಮಡಕೆ ಸುಡುವ ಮನೆಯವರಿಗೆ ಇದು ದಿನನಿತ್ಯದ ಅನುಭವ.

ಮಣ್ಣು ಬಣ್ಣವಾಗುವುದು ಅಗೆದು ತಂದ ಕೂಡಲೇ ಅಲ್ಲ. ಅದನ್ನು ಕುಟ್ಟಿ, ಹೆಚ್ಚು ನೀರಿನಲ್ಲಿ ಕದಡಿ, ಸ್ವಲ್ಪ ಹೊತ್ತು ಬಿಡಬೇಕು. ಮರಳು ಮತ್ತು ದಪ್ಪ ಕಣಗಳು ಮೊದಲು ತಳಕ್ಕೆ ಇಳಿಯುತ್ತವೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ ರಾತ್ರಿಯೆಲ್ಲ ಬಿಟ್ಟರೆ ಅತಿ ನುಣುಪಾದ ಗಸಿ ಕೆಳಗೆ ಕೂರುತ್ತದೆ, ತಿಳಿಯನ್ನು ಚೆಲ್ಲಿದಾಗ ಉಳಿಯುವುದೇ ಬಣ್ಣ. ಕಣ ಎಷ್ಟು ಸಣ್ಣದೋ ಅಷ್ಟು ಹೆಚ್ಚು ಜಾಗವನ್ನು ಅದು ಮುಚ್ಚುತ್ತದೆ. ಮಣ್ಣಿನೊಡನೆ ಬರುವ ಜೇಡಿಯ ಅಂಶ ತಾನೇ ಒಂದು ದುರ್ಬಲ ಅಂಟಿನಂತೆ ವರ್ತಿಸುವುದರಿಂದ ಮಣ್ಣಿನ ಗೋಡೆಗೆ ಸಾರಿಸುವಾಗ ಬೇರೆ ಅಂಟಿನ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಹಾಗೂ ಉತ್ತರ ಕನ್ನಡದ ಸಿದ್ದಾಪುರದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಚಿತ್ತಾರಕ್ಕೆ ನೆಲೆಯಾಗಿರುವುದು ಹೀಗೆ ಕೆಮ್ಮಣ್ಣು ಸಾರಿಸಿದ ಗೋಡೆ. ಮದುವೆಯ ಹಸೆಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಎಳೆಯುವ ಬಿಳಿಯ ಗೆರೆಗಳು ಅಷ್ಟು ಸೂಕ್ಷ್ಮವಾಗಿ ಎದ್ದು ಕಾಣುವುದು ಆ ಕೆಂಪಿನ ಮಂಕುತನದಿಂದಾಗಿ. ಹೊಳೆಯುವ ಮೇಲ್ಮೈಯಾಗಿದ್ದರೆ ಬೆಳಕು ಪ್ರತಿಫಲಿಸಿ ಗೆರೆಗಳು ಕಣ್ಣಿಗೆ ಕಲಸಿಹೋಗುತ್ತಿದ್ದವು.

ಕರಾವಳಿಯ ಕಾವಿ ಕಲೆಯಲ್ಲಿ ಇದೇ ದ್ರವ್ಯ ಬೇರೊಂದು ರೀತಿಯಲ್ಲಿ ನಿಲ್ಲುತ್ತದೆ. ಗೋವೆ ಮತ್ತು ಉತ್ತರ ಕನ್ನಡದ ಹಳೆಯ ದೇವಾಲಯಗಳಲ್ಲಿ, ಮನೆಗಳಲ್ಲಿ ಕಾಣುವ ಈ ಕಲೆಯ ಬಗ್ಗೆ ಕೃಷ್ಣಾನಂದ ಕಾಮತರು ಮಾಡಿದ ದಾಖಲಾತಿ ಗಮನಾರ್ಹವಾದುದು. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ ಹಸಿಯಿರುವಾಗಲೇ ಅದರ ಮೇಲೆ ಕಾವಿಯ ಪದರವನ್ನು ಹಚ್ಚಿ, ಚೂಪಾದ ಉಪಕರಣದಿಂದ ಬೇಡದ ಕೆಂಪನ್ನು ಕೆರೆದು ತೆಗೆದಾಗ ಒಳಗಿನ ಬಿಳುಪು ಚಿತ್ರವಾಗಿ ಹೊರಬರುತ್ತದೆ. ಹಸಿ ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುವಾಗ ಕಾವಿಯ ಕಣಗಳು ಅದರೊಳಗೆ ಸೆರೆಯಾಗುತ್ತವೆ. ಅಲ್ಲಿ ಸುಣ್ಣವೇ ಅಂಟು. ಆದರೆ ಈ ಸೆರೆಯನ್ನು ತಾಳಿಕೊಳ್ಳುವ ವರ್ಣದ್ರವ್ಯಗಳು ಕೆಲವೇ. ಸಸ್ಯಜನ್ಯ ಬಣ್ಣಗಳಲ್ಲಿ ಬಹುಪಾಲು ಹಸಿ ಸುಣ್ಣದಲ್ಲಿ ಕೆಡುತ್ತವೆ. ಕರಾವಳಿಯ ಉಪ್ಪುಗಾಳಿ ಮತ್ತು ಭಾರಿ ಮಳೆಯ ನಡುವೆ ಒಂದು ಇಡೀ ಕಲೆ ಕೇವಲ ಕೆಂಪು ಬಿಳಿಗಳಲ್ಲಿ ನಿಂತಿರುವುದಕ್ಕೆ ಈ ದ್ರವ್ಯಗುಣವೂ ಒಂದು ಮುಖ್ಯ ಕಾರಣವೆನ್ನಬೇಕು.

ಬಿಳಿಯ ಹಲವು ಬಗೆ

ಚಿತ್ತಾರದ ಬಿಳಿ ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ ಮಾಡಿದ್ದು. ಮನೆಯ ಗೋಡೆಗೆ ಬಳಿಯುವ ಬಿಳಿ ಸುಣ್ಣ. ಮಾನಸೋಲ್ಲಾಸ ಹೇಳುವ ಬಿಳಿ ಶಂಖವನ್ನು ಅರೆದದ್ದು. ಮೈಸೂರು ಸಂಪ್ರದಾಯದ ಚಿತ್ರಕಾರರು ಮತ್ತು ಯಕ್ಷಗಾನದ ವೇಷಧಾರಿಗಳು ಬಳಸುತ್ತ ಬಂದ ಬಿಳಿ ಸಫೇದ. ಎಲ್ಲವೂ ಕಣ್ಣಿಗೆ ಬಿಳಿಯೇ ಆದರೂ ಇವು ವರ್ತಿಸುವ ರೀತಿ ಒಂದಕ್ಕೊಂದು ಹೋಲುವುದಿಲ್ಲ.

ಅಕ್ಕಿಯ ಹಿಟ್ಟಿನಿಂದ ಗೆರೆ ಎಳೆದಾಗ ಅದು ಮೊದಲಿಗೆ ಮಾಸಲಾಗಿ ಕಾಣುತ್ತದೆ. ಒಣಗಿದ ಮೇಲೆ ಬೆಳ್ಳಗೆ ಮೂಡುತ್ತದೆ. ಅಂಗಳದಲ್ಲಿ ಅಕ್ಕಿಹಿಟ್ಟಿನ ನೀರಿನಿಂದ ರಂಗವಲ್ಲಿ ಬರೆದವರೆಲ್ಲರೂ ಇದನ್ನು ಬಲ್ಲರು. ಇದರ ಹಿಂದಿರುವುದು ಬೆಳಕು ಬಾಗುವ ಪ್ರಮಾಣ, ಅಂದರೆ ವಕ್ರೀಭವನ ಸೂಚ್ಯಂಕ. ಗಾಳಿಗೆ ಇದು 1, ನೀರಿಗೆ 1.33, ಅಕ್ಕಿಯ ಪಿಷ್ಟಕ್ಕೆ ಸುಮಾರು 1.5, ಒಣಗಿದ ಸುಣ್ಣಕ್ಕೆ ಸುಮಾರು 1.6, ಎಣ್ಣೆಗಳಿಗೆ 1.45ರಿಂದ 1.48ರ ಆಸುಪಾಸು. ಕಣಕ್ಕೂ ಅದರ ಸುತ್ತಲಿನ ವಸ್ತುವಿಗೂ ಈ ಅಂಕಿಯಲ್ಲಿ ಅಂತರ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು ಚದುರಿ ಬಿಳುಪು ಹೆಚ್ಚುತ್ತದೆ. ಹಿಟ್ಟು ಹಸಿಯಿರುವಾಗ ಕಣಗಳ ಸುತ್ತ ನೀರಿರುತ್ತದೆ, ಒಣಗಿದಾಗ ಅಲ್ಲಿ ಗಾಳಿ ಬರುತ್ತದೆ. ಇದೇ ಕಾರಣಕ್ಕೆ ಸುಣ್ಣವನ್ನೋ ಸೀಮೆಸುಣ್ಣದ ಪುಡಿಯನ್ನೋ ಎಣ್ಣೆಯಲ್ಲಿ ಕಲಸಿದರೆ ಅದು ಬಿಳಿಯಾಗದೆ ಕೊಳೆಬಣ್ಣದ, ಅರೆಪಾರದರ್ಶಕವಾದ ಮುದ್ದೆಯಾಗುತ್ತದೆ. ಎಣ್ಣೆಯಲ್ಲಿಯೂ ಬೆಳ್ಳಗಿರಬೇಕಾದರೆ ಸೂಚ್ಯಂಕ 2ರ ಹತ್ತಿರವಿರುವ ಸೀಸದ ಬಿಳಿಯೋ ಸತುವಿನ ಬಿಳಿಯೋ ಬೇಕು. ಇಂದು ಎಲ್ಲ ಬಿಳಿ ಪೇಂಟುಗಳಲ್ಲಿಯೂ ಕಾಣುವ ಟೈಟಾನಿಯಂ ಡೈಆಕ್ಸೈಡಿನ ಸೂಚ್ಯಂಕ ಸುಮಾರು 2.7. ಅದು ವಾಣಿಜ್ಯ ಪ್ರಮಾಣದಲ್ಲಿ ತಯಾರಾಗತೊಡಗಿದ್ದು 20ನೆಯ ಶತಮಾನದ ಎರಡನೆಯ ದಶಕದಲ್ಲಿ. ಮುಚ್ಚುವ ಶಕ್ತಿಯಲ್ಲಿ ಅದಕ್ಕೆ ಸಮನಾದ ಬಿಳಿ ಅದಕ್ಕೆ ಮೊದಲು ಇರಲಿಲ್ಲ.

ಸಫೇದ ಎಂಬ ಹೆಸರು ಪಾರಸಿ ಮೂಲದ್ದು, ಬಿಳಿಯೆಂದೇ ಅದರ ಅರ್ಥ. ಹಿಂದೆ ಅದು ಸೀಸದ ಬಿಳಿಗೆ ಸಲ್ಲುತ್ತಿದ್ದ ಹೆಸರು. 19ನೆಯ ಶತಮಾನದಲ್ಲಿ ಸತುವಿನ ಆಕ್ಸೈಡು ಬಳಕೆಗೆ ಬಂದ ಮೇಲೆ ಅದೇ ಹೆಸರು ಅದಕ್ಕೂ ಅಂಟಿಕೊಂಡಿತು. ಇವೆರಡರ ವ್ಯತ್ಯಾಸ ಸಣ್ಣದಲ್ಲ. ಸೀಸದ ಬಿಳಿ ವಿಷ. ಗಂಧಕದ ಅಂಶವಿರುವ ಗಾಳಿಯಲ್ಲಿ ಅದು ನಿಧಾನವಾಗಿ ಕಪ್ಪಾಗುತ್ತದೆ. ಸತುವಿನ ಬಿಳಿ ಹಾಗೆ ಕಪ್ಪಾಗುವುದಿಲ್ಲ, ಚರ್ಮಕ್ಕೆ ಹಚ್ಚುವ ಮುಲಾಮುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ವಸ್ತುಸಂಗ್ರಹಾಲಯದ ಯಾದಿಯಲ್ಲಿ ಬರಿದೆ ಸಫೇದ ಎಂದು ಬರೆದಿದ್ದರೆ, ಹಳೆಯ ಚಿತ್ರವೊಂದರ ಬಿಳಿ ಏಕೆ ಕಂದಾಗಿದೆ ಎಂಬುದಾಗಲಿ, ಅದನ್ನು ಶುಚಿಗೊಳಿಸುವಾಗ ಯಾವ ಎಚ್ಚರಿಕೆ ಬೇಕೆಂಬುದಾಗಲಿ ಅದರಿಂದ ತಿಳಿಯುವುದಿಲ್ಲ.

ಕಪ್ಪಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ದೀಪದ ಕುಡಿಯ ಮೇಲೆ ತಟ್ಟೆ ಕವುಚಿ ಹಿಡಿದ ಕಾಡಿಗೆಯಾಗಲಿ, ಚಿತ್ತಾರಕ್ಕಾಗಿ ಕರಿಕಾಗುವಂತೆ ಹುರಿದು ಅರೆದ ಅಕ್ಕಿಯಾಗಲಿ, ಎರಡೂ ಇಂಗಾಲವೇ. ಬೆಳಕು, ಗಾಳಿ, ಸುಣ್ಣ ಯಾವುದೂ ಅದನ್ನು ಕೆಡಿಸುವುದಿಲ್ಲ. ಕಾಡಿಗೆ ಅತಿ ಹಗುರ, ನೀರಿಗೆ ಒಲ್ಲದ ಜಿಡ್ಡಿನ ಪುಡಿ. ಆದ್ದರಿಂದ ಅದು ಎಣ್ಣೆಯೊಡನೆ ಸುಲಭವಾಗಿ ಬೆರೆಯುತ್ತದೆ, ನೀರಿಗಾದರೆ ಅಂಟಿನೊಡನೆ ಅರೆಯಬೇಕು. ಹುರಿದ ಅಕ್ಕಿಯ ಕಪ್ಪು ಅಷ್ಟು ಗಾಢವಲ್ಲದಿದ್ದರೂ ನೀರಿನಲ್ಲಿ ಸಲೀಸಾಗಿ ಕಲಸಿಕೊಳ್ಳುತ್ತದೆ.

ಒಂದು ಹೆಸರು, ಎರಡು ಹಳದಿ

ಹೆಸರನ್ನು ನಂಬಿ ದ್ರವ್ಯವನ್ನು ನಿರ್ಧರಿಸುವುದು ಎಷ್ಟು ಅಪಾಯಕರ ಎಂಬುದಕ್ಕೆ ಅರದಳ ಉತ್ತಮ ನಿದರ್ಶನ. ಸಂಸ್ಕೃತದ ಹರಿತಾಲವು ಕನ್ನಡದಲ್ಲಿ ಹರದಳ, ಅರದಳ, ಅರದಾಳ ಎಂಬ ರೂಪಗಳನ್ನು ತಾಳಿದೆ. ಇದು ಆರ್ಸೆನಿಕ್ ಮತ್ತು ಗಂಧಕ ಕೂಡಿದ ಖನಿಜ. ಚಿನ್ನದ ಹೊಳಪಿನ ಪದರ ಪದರವಾದ ಕಲ್ಲು. ಯಕ್ಷಗಾನದ ಮುಖವರ್ಣಿಕೆಯಲ್ಲಿಯೂ ತುಳುನಾಡಿನ ಭೂತಕೋಲದಲ್ಲಿಯೂ ಕೊಬ್ಬರಿ ಎಣ್ಣೆಯೊಡನೆ ಕಲಸಿ ಮುಖಕ್ಕೆ ಹಚ್ಚುತ್ತಿದ್ದ ಹಳದಿ ಅರದಳ. ಇತ್ತ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಮರವೊಂದಕ್ಕೂ ಅರದಳ ಎಂಬ ಹೆಸರಿದೆ. ಅರಿಶಿನಗುರಿಗೆ ಎಂದೂ ಕರೆಯಲಾಗುವ, ಸಸ್ಯಶಾಸ್ತ್ರದಲ್ಲಿ ಗಾರ್ಸಿನಿಯ ಮೊರೆಲ್ಲ ಎಂದು ಗುರುತಿಸಿರುವ ಈ ಮರದ ತೊಗಟೆಯನ್ನು ಕೆತ್ತಿದರೆ ಗಾಢ ಹಳದಿಯ ಹಾಲು ಒಸರುತ್ತದೆ. ಅದು ಗಟ್ಟಿಯಾದಾಗ ನೀರುಬಣ್ಣದ ಚಿತ್ರಕಾರರು ಬಲ್ಲ ಗ್ಯಾಂಬೋಜ್ ಎಂಬ ವರ್ಣದ್ರವ್ಯವಾಗುತ್ತದೆ. ಚಿತ್ತಾರ ಬರೆಯುವವರು ಹಳದಿಗಾಗಿ ಬಳಸುವುದು ಗುರಿಗೆಯ ಬೀಜವನ್ನು.

ಈ ಎರಡು ಅರದಳಗಳ ನಡುವೆ ಬಣ್ಣವನ್ನು ಬಿಟ್ಟರೆ ಸಾಮ್ಯವಿಲ್ಲ. ಕಲ್ಲಿನ ಅರದಳ ಮುಚ್ಚುವ ಬಣ್ಣ, ಮರದ ಅರದಳ ಪಾರದರ್ಶಕ. ಕಲ್ಲಿನದಕ್ಕೆ ಅಂಟು ಬೇಕು. ಮರದ ಹಾಲಿನಲ್ಲಿ ರಾಳದೊಡನೆ ಅಂಟಿನ ಅಂಶವೂ ಇರುವುದರಿಂದ ನೀರು ಹಾಕಿ ಉಜ್ಜಿದರೆ ಸಾಕು, ತಾನೇ ಹಿಡಿದುಕೊಳ್ಳುತ್ತದೆ. ಕಲ್ಲಿನ ಅರದಳವನ್ನು ಅತಿಯಾಗಿ ಅರೆಯಬಾರದು. ಕಣಗಳು ತೀರ ಸಣ್ಣದಾದರೆ ಅದರ ಚಿನ್ನದ ಮೆರುಗು ಹೋಗಿ ಬಣ್ಣ ಬಿಳಚಿಕೊಳ್ಳುತ್ತದೆ. ಕೆಮ್ಮಣ್ಣಿಗೆ ಹೇಳಿದ ನಿಯಮ ಇದಕ್ಕೆ ಹೊಂದುವುದಿಲ್ಲ. ಬಿಸಿಲಿಗೆ ಎರಡೂ ದುರ್ಬಲವೇ. ಹೊಟ್ಟೆಗೆ ಹೋದರೆ ಎರಡೂ ಕೆಡುಕು ಮಾಡುತ್ತವೆ: ಗ್ಯಾಂಬೋಜ್ ತೀವ್ರವಾದ ಭೇದಿಯನ್ನು ಉಂಟುಮಾಡಿದರೆ, ಕಲ್ಲಿನ ಅರದಳದ ಆರ್ಸೆನಿಕ್ ಇನ್ನೂ ಗಂಭೀರವಾದ ವಿಷ. ಕ್ಷೇತ್ರಕಾರ್ಯದಲ್ಲಿ ಹಳದಿಗೆ ಅರದಳ ಎಂದು ಉತ್ತರ ಬಂದಾಗ ಅದು ಅಂಗಡಿಯಿಂದ ಬಂದ ಕಲ್ಲೋ ಕಾಡಿನಿಂದ ಬಂದ ಅಂಟೋ ಎಂದು ಮುಂದಿನ ಪ್ರಶ್ನೆ ಕೇಳದಿದ್ದರೆ ದಾಖಲೆ ಅಪೂರ್ಣವಾಗುತ್ತದೆ.

ಅರಿಶಿನ ಎಲ್ಲರ ಮನೆಯಲ್ಲಿದ್ದರೂ ಸುಣ್ಣದ ಗೋಡೆಯ ಮೇಲಿನ ಚಿತ್ರಕ್ಕೆ ಒದಗದಿರುವುದಕ್ಕೂ ಕಾರಣವಿದೆ. ಅದು ಬೆಳಕಿಗೆ ಬೇಗನೆ ಮಾಸುತ್ತದೆ, ಸುಣ್ಣ ತಗುಲಿದರೆ ಕೆಂಪಾಗುತ್ತದೆ. ಚಿತ್ರಕಾರನಿಗೆ ದೋಷವಾದ ಈ ಗುಣವನ್ನು ಆಚರಣೆ ತನ್ನದಾಗಿಸಿಕೊಂಡಿದೆ. ಅರಿಶಿನ ಸುಣ್ಣ ಕದಡಿದ ಓಕುಳಿಯ ನೀರಿನಿಂದ ಆರತಿ ಎತ್ತುವ ಪದ್ಧತಿ ನಾಡಿನ ಉದ್ದಗಲಕ್ಕೂ ಇದೆ.

ಮುಖದ ಬಣ್ಣ

ಇಂಗಳೀಕ ಎಂಬುದು ಹಿಂಗುಲದ ತದ್ಭವ. ಪಾದರಸವನ್ನೂ ಗಂಧಕವನ್ನೂ ಕೂಡಿಸಿದಾಗ ಮೊದಲು ಕಪ್ಪು ಪುಡಿಯಾಗುತ್ತದೆ. ಅದನ್ನು ಮುಚ್ಚಿದ ಪಾತ್ರೆಯಲ್ಲಿ ಕಾಸಿದಾಗ ಆವಿಯಾಗಿ ಮೇಲೇರಿ ಮತ್ತೆ ಗಟ್ಟಿಯಾಗುವಾಗ ಕೆಂಪಾಗುತ್ತದೆ. ರಸಶಾಸ್ತ್ರ ಬಲ್ಲವರಿಗೆ ಇದು ಹಳೆಯ ವಿದ್ಯೆ. ಕೆಮ್ಮಣ್ಣಿನ ಕೆಂಪು ತಣ್ಣಗಿನದು, ಮಂಕು; ಇಂಗಳೀಕದ್ದು ಉರಿಯುವ ಕೆಂಪು. ನೀರಿನ ಎಂಟು ಪಟ್ಟು ತೂಕವಿರುವ ಈ ಪುಡಿ ಕಲಸಿಟ್ಟರೆ ಬೇಗನೆ ತಳ ಸೇರುತ್ತದೆ, ಹಾಗಾಗಿ ಬಳಸುವಾಗಲೆಲ್ಲ ಮತ್ತೆ ಕದಡಿಕೊಳ್ಳಬೇಕು. ಬಿಸಿಲು ಬೀಳುವ ಗೋಡೆಯ ಮೇಲೆ ಇದು ಕಾಲಕ್ರಮೇಣ ಕಪ್ಪಾಗುವ ಸಂಭವವೂ ಉಂಟು.

ಯಕ್ಷಗಾನದ ಚೌಕಿಯಲ್ಲಿ ಸಫೇದ, ಅರದಳ, ಇಂಗಳೀಕಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಎಣ್ಣೆಯೊಡನೆ ಬೆರೆಸಿ ಮುಖದ ತಳಬಣ್ಣವನ್ನು ಸಿದ್ಧಪಡಿಸುವ ಕ್ರಮವಿತ್ತು. ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಚುಟ್ಟಿಯನ್ನು ಒಂದೊಂದಾಗಿ ಇಟ್ಟು ಮುಳ್ಳಿನಂತೆ ಎಬ್ಬಿಸುತ್ತಿದ್ದರು. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಹಿಲಾಲಿನ, ಎಣ್ಣೆದೀಪದ ಬೆಳಕಿನಲ್ಲಿ ದೂರದಿಂದ ನೋಡುವವರಿಗೆ ಮುಖ ಉರಿದು ಕಾಣಬೇಕಾದರೆ ಇಂಥ ತೀವ್ರವಾದ, ಮುಚ್ಚುವ ವರ್ಣದ್ರವ್ಯಗಳೇ ಬೇಕಾಗಿದ್ದವು. ಕೆಮ್ಮಣ್ಣು ಆ ಬೆಳಕಿನಲ್ಲಿ ಕಂದಾಗಿ ಮಲಗಿಬಿಡುತ್ತದೆ.

ಇಲ್ಲಿ ವರ್ಣದ್ರವ್ಯಗಳ ಗುಣದೋಷಗಳು ಗೋಡೆಯಲ್ಲಿದ್ದುದಕ್ಕಿಂತ ತಿರುವುಮುರುವಾಗುತ್ತವೆ. ಸೀಸದ ಸಫೇದವನ್ನೂ ಗಂಧಕವಿರುವ ಅರದಳವನ್ನೂ ಕೂಡಿಸಬಾರದೆಂಬುದು ಚಿತ್ರಕಲೆಯ ಹಳೆಯ ಅನುಭವ. ಕಾಲ ಕಳೆದಂತೆ ಮಿಶ್ರಣ ಕಪ್ಪಾಗುತ್ತದೆ. ಬೆಳಗಾದರೆ ಒರೆಸಿಹಾಕುವ ಮುಖಕ್ಕೆ ಆ ಭಯವಿಲ್ಲ. ಬಿಸಿಲಿಗೆ ಮಾಸುತ್ತದೆಂಬ ಚಿಂತೆಯೂ ಇರುಳಿನ ಆಟಕ್ಕೆ ಇಲ್ಲ. ಆದರೆ ಗೋಡೆಗೆ ಚರ್ಮವಿಲ್ಲ, ಬಾಯಿಯಿಲ್ಲ. ವೇಷಧಾರಿಗೆ ಅವೆರಡೂ ಇವೆ. ತಿರುಗಾಟದ ಆರು ತಿಂಗಳು ಇರುಳಿಡೀ ಮುಖದ ಮೇಲಿದ್ದು ಬೆವರಿನೊಡನೆ ಕಣ್ಣಿಗೆ, ತುಟಿಗೆ ಇಳಿಯುವ ಬಣ್ಣದಲ್ಲಿ ಸೀಸ, ಆರ್ಸೆನಿಕ್, ಪಾದರಸಗಳಿದ್ದವು. ಶುದ್ಧ ಇಂಗಳೀಕ ನೀರಿನಲ್ಲಿ ಕರಗುವುದು ಅತ್ಯಲ್ಪವಾದ್ದರಿಂದ ಅದರ ಅಪಾಯ ಮಿತವಾದುದೆಂದು ವಾದಿಸಬಹುದು. ಪೇಟೆಯಿಂದ ಬಂದ ಪುಡಿ ಎಷ್ಟು ಶುದ್ಧವೆಂದು ಚೌಕಿಯಲ್ಲಿ ಪರೀಕ್ಷಿಸುವಂತಿರಲಿಲ್ಲ. ಅರದಳವಂತೂ ಬೆಳಕಿಗೆ ಒಡ್ಡಿಕೊಂಡಾಗ ನಿಧಾನವಾಗಿ ಇನ್ನೂ ಹೆಚ್ಚು ವಿಷಕರವಾದ ಆಕ್ಸೈಡಾಗಿ ಮಾರ್ಪಡುತ್ತದೆ. ಇಂದು ಮೇಳಗಳಲ್ಲಿ ತಯಾರಾದ ಪ್ರಸಾಧನ ಬಣ್ಣಗಳು ಬಳಕೆಗೆ ಬಂದಿರುವುದನ್ನು ಪರಂಪರೆಯ ಅಳಿವೆಂದು ಕೆಲವು ವಿದ್ವಾಂಸರು ಖೇದಿಸುವುದುಂಟು. ಮುಖವರ್ಣಿಕೆಯ ವಿನ್ಯಾಸ ಸರಳವಾಗುತ್ತಿರುವುದರ ಬಗೆಗಿನ ಖೇದ ನ್ಯಾಯವಾದುದು. ದ್ರವ್ಯ ಬದಲಾಗಿರುವುದರ ಬಗೆಗೆ ಅಂಥ ಖೇದ ಅನಗತ್ಯ. ನೈಸರ್ಗಿಕವೆಂದರೆ ನಿರಪಾಯಕರ, ರಾಸಾಯನಿಕವೆಂದರೆ ಅಪಾಯಕರ ಎಂಬ ವಿಭಜನೆ ಇಲ್ಲಿ ನಿಲ್ಲುವುದಿಲ್ಲ. ಅರದಳ ಭೂಮಿಯಿಂದಲೇ ಬಂದದ್ದು. ಇಂಗಳೀಕ ಭೂಮಿಯಿಂದಲೂ ಬಂದಿದೆ, ಪಾತ್ರೆಯಿಂದಲೂ ಬಂದಿದೆ.

ನೀಲಿ ಮತ್ತು ಪೇಟೆ

ನಮ್ಮ ಗ್ರಾಮೀಣ ಕಲೆಗಳಲ್ಲಿ ನೀಲಿ ತಡವಾಗಿ ಬಂದ ಅತಿಥಿ. ಬಟ್ಟೆಗೆ ಹಾಕುವ ನೀಲಿಗಿಡದ ಬಣ್ಣ ಹಳೆಯದೇ ಆದರೂ ಗೋಡೆಯ ಮೇಲೆ ನೀಲಿ ಕಾಣತೊಡಗಿದ್ದು ಬಹುಮಟ್ಟಿಗೆ ಬಟ್ಟೆ ಒಗೆಯಲು ಬಳಸುವ ನೀಲಿಪುಡಿಯಿಂದ. ಇದೂ ಒಂದೇ ಹೆಸರಿನ ಎರಡು ದ್ರವ್ಯಗಳ ಪ್ರಸಂಗ. ಹಳೆಯ ನೀಲಿಪುಡಿಯಲ್ಲಿದ್ದ ಮುಖ್ಯ ದ್ರವ್ಯ ಕೃತಕ ಅಲ್ಟ್ರಾಮರೀನ್. ಫ್ರಾನ್ಸಿನಲ್ಲಿ 1828ರಲ್ಲಿ ಇದರ ತಯಾರಿಕೆಯ ವಿಧಾನ ಸಿದ್ಧಿಸಿತು. ಅದು ಹುಳಿಗೆ ಕೆಡುತ್ತದೆ, ಸುಣ್ಣಕ್ಕೆ ಕೆಡುವುದಿಲ್ಲ. ಸುಣ್ಣದ ಹಳದಿ ಛಾಯೆ ಮರೆಯಾಗಲೆಂದು ಒಂದು ಚಿಟಿಕೆ ನೀಲಿ ಬೆರೆಸುವ, ಇನ್ನಷ್ಟು ಬೆರೆಸಿ ಗೋಡೆಗೇ ತಿಳಿನೀಲಿ ಕೊಡುವ ರೂಢಿ ಇದರಿಂದ ಸಾಧ್ಯವಾಯಿತು. ಅದೇ ಕಾಲದ ಇನ್ನೊಂದು ಅಗ್ಗದ ನೀಲಿಯಾದ ಪ್ರಶ್ಯನ್ ನೀಲಿಯನ್ನು ಸುಣ್ಣಕ್ಕೆ ಹಾಕಿದ್ದರೆ ಅದು ಕಂದುಬಣ್ಣಕ್ಕೆ ತಿರುಗುತ್ತಿತ್ತು. ರಸಾಯನಶಾಸ್ತ್ರ ಓದದ ಗೃಹಿಣಿಯರು ಮೊದಲನೆಯದನ್ನು ಉಳಿಸಿಕೊಂಡರು.

ಪೇಟೆಯ ಪುಡಿಬಣ್ಣಗಳ ನಂತರ ಬಂದದ್ದು ಡಬ್ಬಿಯ ಎನಾಮೆಲ್. ಚಿತ್ತಾರ, ಭಿತ್ತಿಚಿತ್ರಗಳನ್ನು ಶಾಶ್ವತಗೊಳಿಸುವ ಉತ್ಸಾಹದಲ್ಲಿ ಮಣ್ಣಿನ ಗೋಡೆಗೆ ಎನಾಮೆಲ್ ಬಳಿದ ಉದಾಹರಣೆಗಳಿವೆ. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಹೀರಿ ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ. ಕೆಮ್ಮಣ್ಣು, ಸುಣ್ಣ, ಅಕ್ಕಿಹಿಟ್ಟುಗಳ ಪದರ ಆ ತೇವವನ್ನು ಹೊರಬಿಡುತ್ತದೆ. ಎನಾಮೆಲಿನ ಪೊರೆ ಬಿಡುವುದಿಲ್ಲ. ಕೆಲವು ಮಳೆಗಾಲಗಳಲ್ಲಿ ಪೊರೆ ಉಬ್ಬಿ, ತನ್ನೊಡನೆ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಹಪ್ಪಳದಂತೆ ಉದುರುತ್ತದೆ. ಈ ಬಣ್ಣಗಳ ಹಳದಿ, ಕೇಸರಿಗಳಲ್ಲಿ ಸೀಸದ ಕ್ರೋಮೇಟು ಬಹುಕಾಲ ಬಳಕೆಯಲ್ಲಿತ್ತು. ಮನೆಬಳಕೆಯ ಹಾಗೂ ಅಲಂಕಾರದ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗಗಳನ್ನು ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ 2016ರಲ್ಲಿ ಪ್ರಕಟವಾಗಿ 2017ರ ನವೆಂಬರಿನಿಂದ ಜಾರಿಗೆ ಬಂದಿದೆ. ಅದಕ್ಕೂ ಮುಂಚೆ ಬಳಿದ ಗೋಡೆಗಳನ್ನು ಈಗ ಕೆರೆಯುವವರು ಧೂಳಿನ ಬಗ್ಗೆ ಎಚ್ಚರವಹಿಸಬೇಕಾಗುತ್ತದೆ.

ಬಣ್ಣದ ಬಾಳಿಕೆಯ ಪ್ರಶ್ನೆಯನ್ನು ಜನಪದರು ಕೇಳಿಕೊಂಡ ರೀತಿಯೇ ಬೇರೆ. ಆಶ್ವಯುಜ ಮಾಸದ ಭೂಮಿ ಹುಣ್ಣಿಮೆಗೆ ದೀವರ ಮನೆಗಳಲ್ಲಿ ಸಿದ್ಧವಾಗುವ ಭೂಮಣ್ಣಿ ಬುಟ್ಟಿಗೆ ಸೆಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅದರ ಮೇಲೆ ಅಕ್ಕಿಯ ಬಿಳಿಯಿಂದ ಚಿತ್ತಾರ ಬರೆಯುತ್ತಾರೆ. ಹಬ್ಬದ ದಿನ ಎಡೆಯನ್ನು ಹೊತ್ತು ಗದ್ದೆಗೆ ಹೋಗಿಬಂದರೆ ಅದರ ಕೆಲಸ ಮುಗಿಯಿತು. ಮುಂದಿನ ವರ್ಷ ಮತ್ತೆ ಬಳಿದು ಮತ್ತೆ ಬರೆಯುತ್ತಾರೆ. ಅಕ್ಕಿಯ ಬಿಳಿ ಹುಳು ತಿನ್ನುತ್ತದೆ, ನೀರು ತಗುಲಿದರೆ ಅಳಿಯುತ್ತದೆ ಎಂಬುದು ಅಲ್ಲಿ ಕೊರತೆಯಲ್ಲ. ಕೊರತೆಯಾಗುವುದು ಆ ಬುಟ್ಟಿ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಸೇರಿದಾಗ. ಅಲ್ಲಿ ಬಿಳಿ ಉದುರಿದ ಕಡೆ ತಿದ್ದಲು ಕೈಗೆ ಸಿಕ್ಕಿದ ಪೋಸ್ಟರ್ ಬಣ್ಣವನ್ನು ಹಚ್ಚಿದರೆ ಟೈಟಾನಿಯಂ ಬಿಳಿಯ ಕೊರೈಸುವ ಗೆರೆ ಅಕ್ಕಿಯ ಗೆರೆಯ ಪಕ್ಕದಲ್ಲಿ ಪರಕೀಯವಾಗಿ ಎದ್ದು ಕಾಣುತ್ತದೆ. ಬುಟ್ಟಿಯ ಜೊತೆಗಿಡುವ ಚೀಟಿಯಲ್ಲಿ ಕಲೆಯ ಹೆಸರು, ಊರು, ಸಮುದಾಯಗಳ ವಿವರ ಸಾಮಾನ್ಯವಾಗಿ ಇರುತ್ತದೆ. ಅದರ ಕೆಳಗೆ ಇನ್ನೂ ಮೂರು ಸಾಲು ಬೇಕು: ಕೆಂಪು ಯಾವ ದಿಬ್ಬದ ಮಣ್ಣು, ಎಷ್ಟು ಸಲ ತೊಳೆದದ್ದು, ಬಿಳಿ ಯಾವ ಅಕ್ಕಿಯದು, ಎಷ್ಟು ಹೊತ್ತು ನೆನೆಸಿ ರುಬ್ಬಿದ್ದು, ಹಳದಿಯಿದ್ದರೆ ಅದು ಬೀಜದ್ದೋ ಮರದ ಹಾಲಿನದೋ ಕಲ್ಲಿನದೋ. ಬರೆದ ಹೆಣ್ಣುಮಗಳು ಇನ್ನೂ ಹಿಟ್ಟು ರುಬ್ಬುತ್ತಿರುವ ಊರುಗಳಲ್ಲಿ ಈ ಮೂರು ಸಾಲನ್ನು ತುಂಬಿಸಿಕೊಳ್ಳಲು ಒಂದು ಮಧ್ಯಾಹ್ನ ಸಾಕಾಗುತ್ತದೆ.